ಕೆಎ ನಂಬರಿನ ಕಾರು, ಪರದೇಶದ ರಸ್ತೆ: ಇನ್ಶೂರೆನ್ಸ್ ಮಾಡಿಸುವುದು ಹೇಗೆ?

ಗೋರಖ್‌ಪುರದ ಒಂದು ಲಾಡ್ಜಿನಲ್ಲಿ, ಶುಕ್ರವಾರ ರಾತ್ರಿ ಹತ್ತೂವರೆಗೆ, ನನ್ನ ಕಾರಿನ ಪಾಲಿಸಿಯನ್ನು ಮೊದಲ ಸಲ ಸರಿಯಾಗಿ ಓದಿದೆ. ಬೆಳಿಗ್ಗೆ ಸುನೌಲಿ ಗಡಿ ದಾಟಿ ನೇಪಾಳಕ್ಕೆ ಹೋಗುವುದಿತ್ತು. ‘ನೇಪಾಳ ಎಲ್ಲಾ ಕವರ್ ಆಗುತ್ತೆ ಸಾರ್, ಆರಾಮಾಗಿ ಹೋಗ್ಬನ್ನಿ’ ಎಂದು ಬೆಂಗಳೂರಿನ ಏಜೆಂಟರು ಹೇಳಿದ್ದರು. ಪಾಲಿಸಿಯಲ್ಲಿ ಮಾತ್ರ ‘ಜಿಯಾಗ್ರಫಿಕಲ್ ಏರಿಯಾ: ಇಂಡಿಯಾ’ ಎಂದಿತ್ತು. ಅಷ್ಟೇ. ಮರುದಿನ ಶನಿವಾರ. ತಿದ್ದಿದ ಕಾಗದ ಈಮೇಲಿನಲ್ಲಿ ಬಂದದ್ದು ಸೋಮವಾರ ಮಧ್ಯಾಹ್ನ. ಐನೂರು ಚಿಲ್ಲರೆ ರೂಪಾಯಿಯ ಕೆಲಸಕ್ಕೆ ಮೂರು ರಾತ್ರಿ ಲಾಡ್ಜಿನ ಬಾಡಿಗೆ ಕಟ್ಟಿದೆ.

ಗಡಿಯಲ್ಲಿ ಆ ಕಾಗದವನ್ನು ಯಾರೂ ಕೇಳಲಿಲ್ಲ ಅನ್ನಿ. ಭನ್ಸಾರ್, ಅಂದರೆ ನೇಪಾಳದ ಕಸ್ಟಮ್ಸ್ ಶುಲ್ಕ, ಕಟ್ಟಿಸಿಕೊಂಡರು, ಬಿಟ್ಟರು. ಆ ಕಾಗದ ನಿಜವಾಗಿ ಬೇಕಾಗುವುದು ಮುಗ್ಲಿಂಗ್ ರಸ್ತೆಯ ತಿರುವಿನಲ್ಲಿ ಸ್ಕೂಟರೊಂದು ಎದುರಿಗೆ ನುಗ್ಗಿದಾಗ.

ಸ್ವಂತ ಕಾರನ್ನೋ ಬೈಕನ್ನೋ ಓಡಿಸಿಕೊಂಡು ದೇಶದಿಂದ ದೇಶಕ್ಕೆ ಹೋಗುವ ಆಸೆ ಇರುವವರಿಗೆ ಮೊದಲೇ ಒಂದು ಮಾತು. ಬೆಂಗಳೂರಿನಿಂದ ಲಂಡನ್‌ವರೆಗೆ ನಡೆಯುವ ಒಂದೇ ಪಾಲಿಸಿಯನ್ನು ಹುಡುಕುತ್ತಾ ಕೂರಬೇಡಿ. ನೀವು ಯಾರಿಗಾದರೂ ಗುದ್ದಿದರೆ ಕೊಡಬೇಕಾದ ಪರಿಹಾರಕ್ಕೆ ಒಂದೊಂದು ದೇಶಕ್ಕೋ ದೇಶಗಳ ಗುಂಪಿಗೋ ಬೇರೆ ಕಾಗದ ಬೇಕು. ನಿಮ್ಮ ಕಾರಿಗೇ ಪೆಟ್ಟಾದರೆ, ದಾರಿಯ ಬಹುಪಾಲು ಕಡೆ ದುಡ್ಡು ನಿಮ್ಮ ಜೇಬಿನದೇ. ಇವೆರಡನ್ನೂ ಒಪ್ಪಿಕೊಂಡು ಲೆಕ್ಕ ಹಾಕಿದರೆ ಮುಂದಿನದೆಲ್ಲ ಸಲೀಸು.

ಮೊದಲು ಗೊಂದಲ ಬಿಡಿಸಿಕೊಳ್ಳಿ

ವಿಚಾರಿಸುವವರಲ್ಲಿ ಅರ್ಧ ಜನ ಕಾರ್ನೆಟ್ ಅನ್ನು ಇನ್ಶೂರೆನ್ಸ್ ಎಂದುಕೊಂಡಿರುತ್ತಾರೆ. ಅಲ್ಲ. ಕಾರ್ನೆಟ್ ಎಂದರೆ ಕಸ್ಟಮ್ಸ್‌ನವರಿಗೆ ಕೊಡುವ ಖಾತರಿ. ‘ಈ ಕಾರನ್ನು ನಿಮ್ಮ ದೇಶದಲ್ಲಿ ಮಾರುವುದಿಲ್ಲ, ವಾಪಸ್ ತರುತ್ತೇವೆ, ತರದಿದ್ದರೆ ಸುಂಕ ನಾವು ಕಟ್ಟುತ್ತೇವೆ’ ಎಂಬ ಮಾತು ಅದರಲ್ಲಿದೆ. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಇದನ್ನು ಕೊಡುತ್ತದೆ. ಒಂದು ವರ್ಷ ನಡೆಯುತ್ತದೆ. ಇರಾನಿನಂಥ ದೇಶಕ್ಕೆ ಇದು ಬೇಕೇ ಬೇಕು. ಆದರೆ ಅಪಘಾತವಾದರೆ ಇದರಿಂದ ಒಂದು ಪೈಸೆ ಬರುವುದಿಲ್ಲ.

ಇನ್ಶೂರೆನ್ಸ್‌ನಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಥರ್ಡ್ ಪಾರ್ಟಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟ. ಓನ್ ಡ್ಯಾಮೇಜ್, ಅಂದರೆ ನಿಮ್ಮ ಗಾಡಿಗೆ ಆದದ್ದು. ಇನ್ನೊಂದು ನಿಮ್ಮ ಮೈಗೆ ಆಗುವ ಪೆಟ್ಟು. ಮೂರನೆಯದಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಇದೆ. ಅದನ್ನು ಕೊಳ್ಳುವಾಗ ‘ನಾನೇ ಕಾರು ಓಡಿಸುತ್ತೇನೆ’ ಅಥವಾ ‘ಬೈಕಿನಲ್ಲಿ ಹೋಗುತ್ತೇನೆ’ ಎಂದು ಬಾಯಿಬಿಟ್ಟು ಹೇಳಿ, ಉತ್ತರವನ್ನು ಈಮೇಲಿನಲ್ಲಿ ತರಿಸಿಕೊಳ್ಳಿ. ಮುಂದೆ ನಾನು ಹೇಳುವುದೆಲ್ಲ ಮೊದಲ ಎರಡರ ಬಗ್ಗೆ.

ಮನೆಯಲ್ಲಿರುವ ಪಾಲಿಸಿಯನ್ನು ಎಷ್ಟು ದೂರ ಎಳೆಯಬಹುದು?

ನಮ್ಮ ದೇಶದ ಮೋಟಾರ್ ಪಾಲಿಸಿಯನ್ನು ಆರು ನೆರೆದೇಶಗಳಿಗೆ ವಿಸ್ತರಿಸಬಹುದು. ಬಾಂಗ್ಲಾದೇಶ, ಭೂತಾನ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್. ಮಾಲ್ಡೀವ್ಸ್‌ಗೆ ಕಾರು ತೆಗೆದುಕೊಂಡು ಹೋಗಿ ಯಾರು ಎಲ್ಲಿ ಓಡಿಸುತ್ತಾರೋ ನನಗಂತೂ ಗೊತ್ತಿಲ್ಲ, ಆದರೆ ಪಟ್ಟಿಯಲ್ಲಿದೆ. ಪಾಕಿಸ್ತಾನವೂ ಇದೆ. 2025ರ ಏಪ್ರಿಲ್‌ನಲ್ಲಿ ಅಟ್ಟಾರಿ ಗಡಿ ಮುಚ್ಚಿದ ಮೇಲೆ ಅದು ಬರೀ ಕಾಗದದ ಮೇಲಿನ ಮಾತು.

ಈ ವಿಸ್ತರಣೆಯ ಹೆಸರು ಐಎಂಟಿ 1. ಪಾಲಿಸಿಗೆ ಹೀಗೆ ಸೇರಿಸುವ ತಿದ್ದುಪಡಿಗೆ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ. ಏಜೆಂಟರಿಗೆ ಹೀಗೆಯೇ ಹೇಳಿ: ‘ಐಎಂಟಿ ಒಂದು ಎಂಡಾರ್ಸ್‌ಮೆಂಟ್ ಬೇಕು, ನೇಪಾಳಕ್ಕೆ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ.’ ನಂಬರು ಹೇಳಿದರೆ ಕೆಲಸ ಬೇಗ ಆಗುತ್ತದೆ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿ ಇದರ ದರ ಪ್ಯಾಕೇಜ್ ಪಾಲಿಸಿಗೆ, ಅಂದರೆ ಥರ್ಡ್ ಪಾರ್ಟಿ, ಓನ್ ಡ್ಯಾಮೇಜ್ ಎರಡೂ ಇರುವ ಕಂಪ್ರಹೆನ್ಸಿವ್ ಪಾಲಿಸಿಗೆ, 500 ರೂಪಾಯಿ, ಥರ್ಡ್ ಪಾರ್ಟಿ ಮಾತ್ರ ಇದ್ದರೆ 100 ರೂಪಾಯಿ. ಹನ್ನೆರಡು ತಿಂಗಳು ಮೀರುವಂತಿಲ್ಲ. ನಾನು ಕಟ್ಟಿದ್ದೂ 500, ಮೇಲೆ ಜಿಎಸ್‌ಟಿ. ಕಂಪ್ರಹೆನ್ಸಿವ್ ಪಾಲಿಸಿಯೇ ಗಡಿ ದಾಟಿ ಬರುವುದರಿಂದ ನಿಮ್ಮ ಕಾರಿನ ನಷ್ಟಕ್ಕೂ ಕವರ್ ಸಿಗುತ್ತದೆ. ಇಡೀ ಪ್ರಯಾಣದಲ್ಲಿ ಇಷ್ಟು ಅಗ್ಗದ ಸೌಲಭ್ಯ ಇನ್ನೆಲ್ಲೂ ಸಿಗುವುದಿಲ್ಲ. ಬಿಡಬೇಡಿ.

ಕಾಗದ ಕೈಗೆ ಬಂದಾಗ ದೇಶದ ಹೆಸರು ಅಚ್ಚಾಗಿದೆಯೇ, ಎರಡೂ ತಾರೀಖು ಇವೆಯೇ ನೋಡಿ. ‘ಸಿಸ್ಟಮ್‌ನಲ್ಲಿ ಅಪ್‌ಡೇಟ್ ಆಗಿದೆ ಸಾರ್’ ಎಂಬ ಮಾತಿಗೆ ಕಾಠ್ಮಂಡುವಿನ ಪೊಲೀಸ್ ಠಾಣೆಯಲ್ಲಿ ಬೆಲೆ ಇಲ್ಲ, ಅಲ್ವಾ? ವಾಪಸಾಗುವ ತಾರೀಖಿಗೆ ಹತ್ತು ಹದಿನೈದು ದಿನ ಜಾಸ್ತಿ ಹಾಕಿಸಿ. ಗುಡ್ಡ ಕುಸಿದರೆ ನೇಪಾಳದ ರಸ್ತೆ ನಿಮ್ಮ ರಜೆಯನ್ನು ಕೇಳುವುದಿಲ್ಲ. ಇನ್ನೊಂದು ಷರತ್ತು ಐಎಂಟಿ 1ರಲ್ಲೇ ಬರೆದಿದೆ: ಗಾಡಿಯನ್ನು ಹಡಗಿನಲ್ಲೋ ವಿಮಾನದಲ್ಲೋ ಸಾಗಿಸುವಾಗ ಏನಾದರೂ ಆದರೆ ಈ ಕವರ್ ಇಲ್ಲ. ಶ್ರೀಲಂಕಾಕ್ಕೆ ಹೋಗುವವರು ಇದನ್ನು ಎರಡು ಸಲ ಓದಿ.

ನೇಪಾಳದಲ್ಲಿ ಕ್ಯಾಶ್‌ಲೆಸ್ ಗ್ಯಾರೇಜ್ ಸಿಗುತ್ತದೆ ಎಂದುಕೊಳ್ಳಬೇಡಿ. ಫೋಟೊ, ಪೊಲೀಸ್ ವರದಿ, ರಿಪೇರಿ ಬಿಲ್ಲು ಎಲ್ಲ ತಂದು ಇಲ್ಲಿ ಕ್ಲೇಮು ಹಾಕಬೇಕು. ರಿಪೇರಿಗೆ ಕೈ ಹಾಕುವ ಮೊದಲೇ ಕಂಪನಿಗೆ ತಿಳಿಸಿ. ಸರ್ವೇಯರ್ ನೋಡದ ಡೆಂಟಿಗೆ ದುಡ್ಡು ಹುಟ್ಟುವುದು ಕಷ್ಟ.

ಆರು ದೇಶಗಳ ಆಚೆ: ದಾರಿಯ ಪಟ್ಟಿ ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಾಟುವ ದೇಶಗಳನ್ನು ಕ್ರಮವಾಗಿ ಬರೆಯಿರಿ. ಪ್ರತಿಯೊಂದರ ಮುಂದೆ ನಾಲ್ಕು ಉತ್ತರ ತುಂಬಿ. ಥರ್ಡ್ ಪಾರ್ಟಿ ಯಾರು ಮಾರುತ್ತಾರೆ? ಗಡಿಯಲ್ಲೋ, ಆನ್‌ಲೈನ್‌ನಲ್ಲೋ, ಏಜೆನ್ಸಿ ಮೂಲಕವೋ? ಎಷ್ಟು ದಿನದ ಪಾಲಿಸಿ ಸಿಗುತ್ತದೆ? ಮುಂದಿನ ದೇಶಕ್ಕೂ ಅದೇ ಕಾಗದ ನಡೆಯುತ್ತದೆಯೇ? ಉತ್ತರ ಸಿಗದ ಜಾಗದಲ್ಲಿ ಕೆಂಪು ಗುರುತು ಹಾಕಿ. ಆ ದೇಶ ಬರುವ ಮೊದಲು ಅದು ಅಳಿಸಬೇಕು.

ಕೊನೆಯ ಪ್ರಶ್ನೆಗೆ ಉತ್ತರ ಹುಡುಕುವಾಗ ಬಣ್ಣದ ಕಾರ್ಡುಗಳ ಸುದ್ದಿ ಬರುತ್ತದೆ. ಯುರೋಪು ಮತ್ತು ಅಕ್ಕಪಕ್ಕಕ್ಕೆ ಗ್ರೀನ್ ಕಾರ್ಡ್. ಅರಬ್ ದೇಶಗಳಿಗೆ ಆರೆಂಜ್ ಕಾರ್ಡ್. ಕೀನ್ಯಾ, ಉಗಾಂಡ, ಟಾಂಜಾನಿಯಾ, ಜಾಂಬಿಯಾ ಕಡೆಗೆ ಕೊಮೆಸಾ ಎಂಬ ಆಫ್ರಿಕದ ವ್ಯಾಪಾರ ಒಕ್ಕೂಟದ ಯೆಲ್ಲೊ ಕಾರ್ಡ್. ಪಶ್ಚಿಮ ಆಫ್ರಿಕಕ್ಕೆ ಬ್ರೌನ್ ಕಾರ್ಡ್. ಎಲ್ಲದರ ಹಿಂದಿನ ಉಪಾಯ ಒಂದೇ: ಒಂದು ದೇಶದ ಥರ್ಡ್ ಪಾರ್ಟಿ ಪಾಲಿಸಿಯನ್ನು ಉಳಿದ ಸದಸ್ಯ ದೇಶಗಳು ಒಪ್ಪಿಕೊಳ್ಳುತ್ತವೆ. ಭಾರತ ಈ ಯಾವ ಗುಂಪಿನಲ್ಲೂ ಇಲ್ಲ. ಹಾಗಾಗಿ ನಾವು ಗುಂಪಿನ ಬಾಗಿಲಲ್ಲಿ ನಿಂತು ಹೊಸ ಪಾಲಿಸಿ ಕೊಳ್ಳಬೇಕು. ಮುಂಬೈಯಿಂದ ಮೊಂಬಾಸಾಕ್ಕೆ ಗಾಡಿ ಸಾಗಿಸಿ ಆಫ್ರಿಕ ಸುತ್ತುವವರು ಮಾಡುವುದು ಇದನ್ನೇ. ಕೀನ್ಯಾದಲ್ಲಿ ಸ್ಥಳೀಯ ಥರ್ಡ್ ಪಾರ್ಟಿ, ಅದರ ಜೊತೆಗೆ ಯೆಲ್ಲೊ ಕಾರ್ಡ್.

ಕೆಳಗೆ ದಕ್ಷಿಣ ಆಫ್ರಿಕ, ನಮೀಬಿಯ, ಬೋಟ್ಸ್‌ವಾನಾದಲ್ಲಿ ಬೇರೆಯೇ ಏರ್ಪಾಡು. ಅಲ್ಲಿ ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯಿಂದಲೇ ಅಪಘಾತದ ಪರಿಹಾರ ನಿಧಿ ನಡೆಯುತ್ತದೆ. ಬಂಕಿನಲ್ಲಿ ಟ್ಯಾಂಕು ತುಂಬಿಸಿದಾಗಲೇ ನೀವು ಒಂದಿಷ್ಟು ಕಟ್ಟಿದಂತಾಯಿತು. ಗಾಯಗೊಂಡವರಿಗೆ ಮಾತ್ರ ಆ ನಿಧಿ. ಎದುರಿನವರ ಕಾರು ಜಜ್ಜಿದರೆ ಅದರ ಖರ್ಚು ನಿಮ್ಮದು. ಬೇರೆ ಪಾಲಿಸಿ ಕೊಳ್ಳುವುದು ಜಾಣತನ.

ಚೀನಾ: ಕಾಗದ ಸುಲಭ, ಮೊತ್ತ ಸಣ್ಣದು

ಭೂಮಾರ್ಗವಾಗಿ ಯುರೋಪಿಗೆ ಹೋಗುವ ನಮ್ಮವರು ಮೊದಲು ಮಣಿಪುರ, ಮ್ಯಾನ್ಮಾರ್, ಥಾಯ್ಲೆಂಡ್ ಹಿಡಿಯುತ್ತಿದ್ದರು. 2021ರ ಸೇನಾ ದಂಗೆಯ ನಂತರ ಮ್ಯಾನ್ಮಾರ್ ಕೈತಪ್ಪಿತು. ನೇಪಾಳದ ರಸುವಾಗಢಿಯಿಂದ ಟಿಬೆಟ್ಟಿಗೆ ಹತ್ತುವ ದಾರಿ ಜನಪ್ರಿಯವಾಯಿತು. 2025ರ ಜುಲೈ ಪ್ರವಾಹದಲ್ಲಿ ಅಲ್ಲಿನ ಮಿತೇರಿ ಸೇತುವೆಯೇ ಕೊಚ್ಚಿಹೋಯಿತು. ತಾರೀಖಿನಲ್ಲಿ ಸಡಿಲ ಇರಲಿ ಎಂದು ಪದೇ ಪದೇ ಹೇಳುವುದು ಇದಕ್ಕೇ.

ಚೀನಾದೊಳಗೆ ಹೊರಗಿನ ಗಾಡಿಗೆ ತಾತ್ಕಾಲಿಕ ನಂಬರ್ ಪ್ಲೇಟು, ನಿಮಗೆ ತಾತ್ಕಾಲಿಕ ಲೈಸೆನ್ಸು, ಜೊತೆಗೆ ಗೈಡು ಬೇಕು. ಟ್ರಾವೆಲ್ ಏಜೆನ್ಸಿ ಇಲ್ಲದೆ ಆಗುವುದಿಲ್ಲ. ಕಡ್ಡಾಯ ಇನ್ಶೂರೆನ್ಸನ್ನೂ ಅವರೇ ಮಾಡಿಸುತ್ತಾರೆ. ಅಲ್ಲಿನವರು ಅದನ್ನು ಜಿಯಾವೊ ಚಿಯಾಂಗ್ ಶ್ಯೆನ್ ಎನ್ನುತ್ತಾರೆ. ಇಲ್ಲಿಯೇ ಜನ ಮೈಮರೆಯುವುದು. 2020ರಿಂದ ಅದರ ಮಿತಿ ಹೀಗಿದೆ: ಸಾವು ಅಥವಾ ಅಂಗವೈಕಲ್ಯಕ್ಕೆ 1,80,000 ಯುವಾನ್, ಚಿಕಿತ್ಸೆಗೆ 18,000, ಆಸ್ತಿ ನಷ್ಟಕ್ಕೆ 2,000. ಎರಡು ಸಾವಿರ ಯುವಾನ್ ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ ಆಸುಪಾಸು. ದೊಡ್ಡ ಕಾರಿನ ಒಂದು ಹೆಡ್‌ಲೈಟಿಗೆ ಸಾಕಾದರೆ ಪುಣ್ಯ. ಏಜೆನ್ಸಿಯವರು ಕೊಡುವ ಪ್ಯಾಕೇಜಿನಲ್ಲಿ ‘ಇನ್ಶೂರೆನ್ಸ್ ಸೇರಿದೆ’ ಎಂದಿದ್ದರೆ ಅದು ಬಹುಶಃ ಇಷ್ಟೇ. ಮೇಲಿಂದ ಹಾಕಿಸುವ ಕಮರ್ಷಿಯಲ್ ಥರ್ಡ್ ಪಾರ್ಟಿ ಸೇರಿಸಲು ಆಗುತ್ತದೆಯೇ, ಎಷ್ಟು ಮೊತ್ತಕ್ಕೆ ಎಂದು ಹಣ ಕಟ್ಟುವ ಮೊದಲೇ ಕೇಳಿ.

ಥಾಯ್ಲೆಂಡಿನಲ್ಲೂ 2016ರಿಂದ ಹೊರಗಿನ ಗಾಡಿಗೆ ಪರ್ಮಿಟ್ಟು, ಏಜೆನ್ಸಿ ಎಲ್ಲ ಬೇಕು. ಅಲ್ಲಿನ ಕಡ್ಡಾಯ ಪಾಲಿಸಿಯ ಹೆಸರು ಪೊರೊಬೊ ಎನ್ನುವಂತೆ ಕೇಳಿಸುತ್ತದೆ. ಅದೂ ಕನಿಷ್ಠ ಕವರ್ ಮಾತ್ರ.

ಜಾರ್ಜಿಯಾ

ಟರ್ಕಿಯ ಪಕ್ಕದ ಈ ದೇಶದ ಏರ್ಪಾಡು ಎಲ್ಲಕ್ಕಿಂತ ಸರಳ. 2018ರ ಮಾರ್ಚ್ 1ರಿಂದ ಹೊರದೇಶದ ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ಕಡ್ಡಾಯ. 15 ದಿನ, 30 ದಿನ, 90 ದಿನ, ಒಂದು ವರ್ಷ ಎಂದು ಆಯ್ಕೆಗಳಿವೆ. ಫೋನಿನಲ್ಲೇ ಕೊಳ್ಳಬಹುದು. ಎಲ್ಲ ದೇಶಗಳೂ ಹೀಗಿದ್ದರೆ ನಾನು ಇಷ್ಟು ಉದ್ದ ಬರೆಯಬೇಕಿರಲಿಲ್ಲ.

ಯುರೋಪಿನ ಬಾಗಿಲು

ಇದಕ್ಕೆ ಸ್ವಲ್ಪ ಸಮಯ ಕೊಡಿ. ಗ್ರೀನ್ ಕಾರ್ಡ್ ಪದ್ಧತಿಗೆ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ 1949ರಲ್ಲಿ ಬುನಾದಿ ಹಾಕಿತು. 1953ರಿಂದ ನಡೆಯುತ್ತಿದೆ. ಈಗ ಬ್ರಸೆಲ್ಸ್‌ನಲ್ಲಿರುವ ಕೌನ್ಸಿಲ್ ಆಫ್ ಬ್ಯೂರೋಸ್ ಇದನ್ನು ನೋಡಿಕೊಳ್ಳುತ್ತದೆ. ಅಂದಹಾಗೆ, 2020ರ ಜುಲೈಯಿಂದ ಗ್ರೀನ್ ಕಾರ್ಡನ್ನು ಬಿಳಿ ಹಾಳೆಯ ಮೇಲೂ ಅಚ್ಚು ಮಾಡಬಹುದು. ಯಾರಾದರೂ ಬಿಳಿ ಕಾಗದ ಕೊಟ್ಟರೆ ನಕಲಿ ಎಂದು ಗಾಬರಿಯಾಗಬೇಡಿ.

ಕೆಎ ನಂಬರಿನ ಗಾಡಿಗೆ ನಮ್ಮ ಕಂಪನಿ ಈ ಕಾರ್ಡ್ ಕೊಡಲು ಆಗುವುದಿಲ್ಲ. ನಮಗಿರುವ ದಾರಿ ಫ್ರಾಂಟಿಯರ್ ಇನ್ಶೂರೆನ್ಸ್, ಅಂದರೆ ಗಡಿ ಪಾಲಿಸಿ. ಯುರೋಪಿಯನ್ ಒಕ್ಕೂಟದ ಒಂದು ದೇಶದಲ್ಲಿ ಇದನ್ನು ಕೊಂಡರೆ ಒಕ್ಕೂಟದ ಉಳಿದ ದೇಶಗಳಲ್ಲೂ ನಡೆಯುತ್ತದೆ. ಟರ್ಕಿಯಿಂದ ಬರುವವರು ಹೆಚ್ಚಾಗಿ ಬಲ್ಗೇರಿಯದ ಕಪಿತಾನ್ ಆಂದ್ರೀವೊ ಗಡಿಯಲ್ಲೋ ಗ್ರೀಸಿನ ಕಿಪಿ ಗಡಿಯಲ್ಲೋ ಒಕ್ಕೂಟದೊಳಗೆ ಕಾಲಿಡುತ್ತಾರೆ. ವಾರದ ದಿನ ಬೆಳಿಗ್ಗೆ ಹೊತ್ತು ತಲುಪುವಂತೆ ಹೊರಡಿ. ರಾತ್ರಿ ಕೌಂಟರು ಮುಚ್ಚಿದ್ದರೆ ಗಡಿ ತೆರೆದಿದ್ದೂ ಉಪಯೋಗವಿಲ್ಲ.

ಬೆಲೆ ಕೇಳಿದಾಗ ಎದೆ ಧಸಕ್ ಎನ್ನುತ್ತದೆ, ನಿಜ. ಕಾರಣ ಅದರ ಹಿಂದಿನ ಮೊತ್ತ. ಒಕ್ಕೂಟದ ನಿಯಮದ ಪ್ರಕಾರ ಜನರಿಗೆ ಆಗುವ ಗಾಯಕ್ಕೆ ಕನಿಷ್ಠ ಕವರ್ ಒಂದು ಅಪಘಾತಕ್ಕೆ 64.5 ಲಕ್ಷ ಯೂರೋ, ಇಲ್ಲವೇ ಗಾಯಗೊಂಡ ಒಬ್ಬೊಬ್ಬರಿಗೆ 13 ಲಕ್ಷ ಯೂರೋ. ಆಸ್ತಿ ನಷ್ಟಕ್ಕೆ ಅಪಘಾತವೊಂದಕ್ಕೆ 13 ಲಕ್ಷ ಯೂರೋ. ನಮ್ಮಲ್ಲಿ ಕಾರಿನ ಪಾಲಿಸಿಯಲ್ಲಿ ಎದುರಿನವರ ಆಸ್ತಿಗೆ ಇರುವ ಮಿತಿ ಏಳೂವರೆ ಲಕ್ಷ ರೂಪಾಯಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೆಲೆ ಯಾಕೆ ಜಾಸ್ತಿ ಎಂದು ಗೊತ್ತಾಗುತ್ತದೆ.

ಕೌಂಟರಿನಲ್ಲಿ ಹಣ ಕೊಡುವ ಮೊದಲು ಪಾಲಿಸಿ ಯಾವ ದಿನ, ಯಾವ ಗಂಟೆಗೆ ಶುರುವಾಗುತ್ತದೆ ನೋಡಿ. ಸಂಜೆ ನಾಲ್ಕಕ್ಕೆ ಕೊಂಡ ಪಾಲಿಸಿ ಮಧ್ಯರಾತ್ರಿಯಿಂದ ಶುರು ಎಂದಿದ್ದರೆ ಅಲ್ಲಿಯವರೆಗೆ ನೀವು ಬರಿಗೈ. ದೇಶಗಳ ಪಟ್ಟಿ ಓದಿ. ಸ್ವಿಟ್ಜರ್ಲೆಂಡ್ ಮತ್ತು ಬ್ರಿಟನ್ ಒಕ್ಕೂಟದಲ್ಲಿಲ್ಲ. ಲಂಡನ್ನಿನಲ್ಲಿ ಫೋಟೊ ತೆಗೆಸಿಕೊಳ್ಳುವುದೇ ನಿಮ್ಮ ಗುರಿಯಾಗಿದ್ದರೆ ಬ್ರಿಟನ್ ಹೆಸರು ಆ ಪಟ್ಟಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಹಡಗು ಹತ್ತುವ ಮೊದಲೇ ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಕೊಸೊವೊ ಗ್ರೀನ್ ಕಾರ್ಡ್ ಗುಂಪಿನಲ್ಲೇ ಇಲ್ಲ, ಅಲ್ಲಿನ ಗಡಿಯಲ್ಲಿ ಬೇರೆ ಪಾಲಿಸಿ ಕೊಳ್ಳಬೇಕು.

ಗಲ್ಫಿನಲ್ಲಿರುವ ನಮ್ಮವರಿಗೆ

ದುಬೈ, ಶಾರ್ಜಾದಲ್ಲಿ ನಮ್ಮ ಕರಾವಳಿಯ ಜನ ಎಷ್ಟಿದ್ದಾರೆ ಎಂದು ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಮಾನಿನ ಸಲಾಲಾದಲ್ಲಿ ಜಿಟಿಜಿಟಿ ಮಳೆ, ಹಸಿರು ಗುಡ್ಡ. ಊರಿನ ಆಷಾಢ ನೆನಪಾಗುತ್ತದೆ ಎಂದು ಸಾವಿರ ಕಿಲೋಮೀಟರಿಗೂ ಜಾಸ್ತಿ ಓಡಿಸಿಕೊಂಡು ಹೋಗುತ್ತಾರೆ. ಅವರಿಗೆ ಬೇಕಾದದ್ದು ಆರೆಂಜ್ ಕಾರ್ಡ್. ಅರಬ್ ದೇಶಗಳು 1975ರಲ್ಲಿ ಟ್ಯುನಿಸ್‌ನಲ್ಲಿ ಮಾಡಿಕೊಂಡ ಒಪ್ಪಂದದ ಕೂಸು ಅದು. ನಿಮ್ಮ ಎಮಿರೇಟ್ಸ್ ಪಾಲಿಸಿ ಕೊಟ್ಟ ಕಂಪನಿಯಿಂದಲೇ ತೆಗೆದುಕೊಳ್ಳಿ.

ಆರೆಂಜ್ ಕಾರ್ಡ್ ಥರ್ಡ್ ಪಾರ್ಟಿಗೆ ಮಾತ್ರ. ಒಂಟೆ ಅಡ್ಡ ಬಂದು ನಿಮ್ಮ ಬಾನೆಟ್ ಹೋದರೆ ಅದು ಕೊಡುವುದಿಲ್ಲ. ಸಲಾಲಾ ದಾರಿಯಲ್ಲಿ ಒಂಟೆ ಅಡ್ಡ ಬರುವುದು ತಮಾಷೆಯ ಮಾತಲ್ಲ. ಕಂಪ್ರಹೆನ್ಸಿವ್ ಕವರ್ ಒಮಾನಿಗೂ ಇದೆಯೇ ಎಂದು ಪಾಲಿಸಿಯಲ್ಲೇ ನೋಡಿ. ಇಲ್ಲದಿದ್ದರೆ ಸೇರಿಸಿಕೊಳ್ಳಿ. ಕಾರು ಬ್ಯಾಂಕ್ ಸಾಲದಲ್ಲಿದ್ದರೆ, ಇಲ್ಲವೇ ಮುಲ್ಕಿಯಾ, ಅಂದರೆ ಅಲ್ಲಿನ ಆರ್‌ಸಿ, ಬೇರೆಯವರ ಹೆಸರಿನಲ್ಲಿದ್ದರೆ ಒಪ್ಪಿಗೆ ಪತ್ರ ಜೊತೆಗಿರಲಿ. ಇದು ಬೆಂಗಳೂರಿನಿಂದ ಹೊರಡುವವರಿಗೂ ಅನ್ವಯಿಸುತ್ತದೆ. ಆರ್‌ಸಿಯಲ್ಲಿ ಹೈಪಾಥಿಕೇಶನ್ ಇದ್ದರೆ ಬ್ಯಾಂಕಿನಿಂದ ಎನ್‌ಒಸಿ ತೆಗೆದುಕೊಳ್ಳಿ.

ಹಡಗಿಗೆ ಹಾಕುವುದಿದ್ದರೆ

ಗಾಡಿಯನ್ನು ಕಂಟೇನರಿನಲ್ಲಿ ಕಳಿಸುವವರಿಗೆ ಮೆರೈನ್ ಇನ್ಶೂರೆನ್ಸ್ ಬೇಕು. ಇನ್‌ಸ್ಟಿಟ್ಯೂಟ್ ಕಾರ್ಗೊ ಕ್ಲಾಜಸ್ ಎಂಬ ಷರತ್ತುಗಳಲ್ಲಿ ‘ಎ’ ಎಲ್ಲಕ್ಕಿಂತ ಅಗಲವಾದದ್ದು, ‘ಸಿ’ ತೀರಾ ಕಿರಿದು. ಕೋಟೇಶನ್ ಅಗ್ಗವಾಗಿದ್ದರೆ ಅದು ‘ಸಿ’ ಇರಬಹುದು, ಕೇಳಿ. ಕಂಟೇನರಿಗೆ ಹಾಕುವ ಮೊದಲು ನಾಲ್ಕೂ ಕಡೆಯಿಂದ, ಹಳೆಯ ಗೀರು ಸಮೇತ, ತಾರೀಖು ಇರುವ ಫೋಟೊ ತೆಗೆಯಿರಿ.

‘ನನ್ನ ಕಾರಿಗೆ ಏನಾಗುತ್ತೆ, ಕಂಟೇನರಿನಲ್ಲಿ ಭದ್ರವಾಗಿರುತ್ತೆ’ ಎಂದು ಈ ಪಾಲಿಸಿ ಬಿಡುವವರಿಗೆ ಜನರಲ್ ಆವರೇಜ್ ಎಂಬ ಹಳೆಯ ಕಡಲ ಕಾನೂನು ಗೊತ್ತಿರುವುದಿಲ್ಲ. ಹಡಗನ್ನು ಅಪಾಯದಿಂದ ಉಳಿಸಲು ಆದ ಖರ್ಚನ್ನು ಅದರಲ್ಲಿ ಸಾಮಾನಿಟ್ಟ ಎಲ್ಲರೂ ಹಂಚಿಕೊಳ್ಳಬೇಕು. ನಿಮ್ಮ ಕಾರಿಗೆ ಒಂದು ಗೀರೂ ಬಿದ್ದಿರದಿದ್ದರೂ ಸರಿ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯಲ್ಲಿ ಆರು ದಿನ ಸಿಕ್ಕಿಹಾಕಿಕೊಂಡಿತ್ತಲ್ಲ, ಆಮೇಲೆ ಅದರ ಮಾಲೀಕರು ಇದನ್ನೇ ಘೋಷಿಸಿದರು. ಮೆರೈನ್ ಪಾಲಿಸಿ ಇದ್ದವರ ಪರವಾಗಿ ಕಂಪನಿ ಖಾತರಿ ಕೊಡುತ್ತದೆ. ಇಲ್ಲದವರು ನಗದು ಠೇವಣಿ ಇಟ್ಟೇ ಸಾಮಾನು ಬಿಡಿಸಿಕೊಳ್ಳಬೇಕಾಗುತ್ತದೆ.

ನಿಮ್ಮ ಕಾರಿನ ಲೆಕ್ಕ

ಆರು ನೆರೆದೇಶ ದಾಟಿದ ಮೇಲೆ ಓನ್ ಡ್ಯಾಮೇಜ್ ಸಿಗುವುದು ದುರ್ಲಭ. ನನ್ನ ಸಲಹೆ ಒರಟಾಗಿದೆ: ಕಳೆದುಕೊಂಡರೆ ನಿದ್ದೆ ಕೆಡುವಂಥ ಕಾರನ್ನು ತೆಗೆದುಕೊಂಡು ಹೋಗಬೇಡಿ. ಹೊಸ ಮೂವತ್ತು ಲಕ್ಷದ ಗಾಡಿಗಿಂತ ಸುಸ್ಥಿತಿಯಲ್ಲಿರುವ ಎಂಟು ವರ್ಷದ ಗಾಡಿ ಒಳ್ಳೆಯದು. ರಿಪೇರಿಗೆಂದು ಒಂದಿಷ್ಟು ಹಣ ಬೇರೆ ಖಾತೆಯಲ್ಲಿ ಇಡಿ, ಅದನ್ನು ಹೋಟೆಲ್ಲಿಗೆ ಮುಟ್ಟಬೇಡಿ.

ಹಾಗೆಂದು ಊರಿನ ಪಾಲಿಸಿಯನ್ನು ಸಾಯಲು ಬಿಡಬೇಡಿ. ‘ಕಾರೇ ದೇಶದಲ್ಲಿಲ್ಲ, ಸುಮ್ನೆ ಯಾಕೆ ಪ್ರೀಮಿಯಂ?’ ಎಂದು ಅನ್ನಿಸುತ್ತದೆ. ಅವಧಿ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಹಾಕದ ವರ್ಷಗಳಿಗೆ ಸಿಗುವ ರಿಯಾಯಿತಿ, ಹೋಯಿತು. ವಾಪಸ್ ಬರುವಾಗ ಗಡಿಯಿಂದ ಮನೆಯವರೆಗೆ ಪಾಲಿಸಿ ಇಲ್ಲದೆ ಓಡಿಸುವುದು ಕಾನೂನಿಗೂ ವಿರುದ್ಧ. 2018ರ ಸೆಪ್ಟೆಂಬರ್ ನಂತರ ಹೊಸದಾಗಿ ಕೊಂಡ ಕಾರಿಗೆ ಮೂರು ವರ್ಷದ, ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಬಂದಿರುತ್ತದೆ. ಆದರೆ ಓನ್ ಡ್ಯಾಮೇಜ್ ಭಾಗ ಮೊದಲೇ ಮುಗಿದಿರಬಹುದು. ಎರಡರ ತಾರೀಖನ್ನೂ ನೋಡಿಕೊಳ್ಳಿ.

ಕೌಂಟರಿನಲ್ಲಿ ಎಡವುವ ಜಾಗ

ಗಡಿಯ ಗುಮಾಸ್ತರಿಗೆ ನಮ್ಮ ಆರ್‌ಸಿ ಕಾರ್ಡ್ ಹೊಸದು. ಚಾಸಿ ನಂಬರನ್ನು ತಪ್ಪಾಗಿ ಬರೆಯುವುದು ಮಾಮೂಲು. ಒಂದು ಸುಳಿವು ಹೇಳುತ್ತೇನೆ. ಹದಿನೇಳು ಅಕ್ಷರಗಳ ಚಾಸಿ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಪಾಲಿಸಿಯಲ್ಲಿ ಓ ಕಂಡರೆ ಅದು ಸೊನ್ನೆಯಾಗಬೇಕಿತ್ತು. ಅಲ್ಲೇ ತಿದ್ದಿಸಿ, ಸೀಲು ಹಾಕಿಸಿ. ನಂಬರನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿದ ಚೀಟಿ ಇಟ್ಟುಕೊಂಡಿದ್ದರೆ ಅರ್ಧ ತಪ್ಪು ತಪ್ಪುತ್ತದೆ. ಓಡಿಸುವವರು ಇಬ್ಬರಿದ್ದರೆ ಇಬ್ಬರಿಗೂ ಕವರ್ ಇದೆಯೇ ಕೇಳಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಆರ್‌ಟಿಒದಲ್ಲಿ ಸಿಗುತ್ತದೆ, ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಅದು ಮುಗಿದಿದ್ದರೆ ಅಪಘಾತದ ದಿನ ‘ಲೈಸೆನ್ಸ್ ಇಲ್ಲದ ಡ್ರೈವರ್’ ಎಂದು ಕಂಪನಿ ಕೈತೊಳೆದುಕೊಳ್ಳಬಹುದು.

ಅಪಘಾತ ಆದರೆ

ಮೊದಲು ಗಾಯಾಳುವನ್ನು ನೋಡಿ, ಆಮೇಲೆ ಪೊಲೀಸರಿಗೆ ಹೇಳಿ. ಗಾಡಿ ಸರಿಸುವ ಮುಂಚೆ ಫೋಟೊ. ಎದುರಿನವರ ನಂಬರ್ ಪ್ಲೇಟು, ಪಾಲಿಸಿ, ಲೈಸೆನ್ಸಿನ ಫೋಟೊ. ಯುರೋಪಿನಲ್ಲಿ ಆಕ್ಸಿಡೆಂಟ್ ಸ್ಟೇಟ್‌ಮೆಂಟ್ ಎಂಬ ಒಂದೇ ಮಾದರಿಯ ಫಾರ್ಮು ಬಳಕೆಯಲ್ಲಿದೆ. ಯಾವ ಭಾಷೆಯಲ್ಲಿದ್ದರೂ ಕಲಂಗಳ ಜಾಗ ಒಂದೇ. ಇಂಗ್ಲಿಷಿನ ಒಂದು ಪ್ರತಿ ಕಾರಿನಲ್ಲಿದ್ದರೆ ಪಕ್ಕದಲ್ಲಿಟ್ಟು ಓದಬಹುದು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ರಸ್ತೆಯಲ್ಲೇ ದುಡ್ಡು ಕೊಟ್ಟು ಮುಗಿಸೋಣ ಎನ್ನುವವರಿಗೆ ಹಾಗೇ ಕೊಟ್ಟು ಬಿಟ್ಟರೆ, ನಾಳೆ ಅವರು ಆಸ್ಪತ್ರೆ ಸೇರಿದಾಗ ನಿಮ್ಮ ಕೈಯಲ್ಲಿ ಏನೂ ದಾಖಲೆ ಇರುವುದಿಲ್ಲ. ಪಾಲಿಸಿಯ ಮೇಲಿರುವ ನಂಬರಿಗೆ ಅದೇ ದಿನ ಫೋನ್ ಮಾಡಿ, ಕ್ಲೇಮಿನ ನಂಬರು ಬರೆದುಕೊಳ್ಳಿ.

ಗಡಿ ದಾಟಿದ ತಕ್ಷಣ ಹಿಂದಿನ ದೇಶದ ಪಾಲಿಸಿಯನ್ನು ಕಸದ ಬುಟ್ಟಿಗೆ ಹಾಕುವವರಿದ್ದಾರೆ. ಬೇಡ. ಪರಿಹಾರ ಕೇಳುವ ಪತ್ರ ತಿಂಗಳುಗಟ್ಟಲೆ ತಡವಾಗಿ ಮನೆ ಬಾಗಿಲಿಗೆ ಬರಬಹುದು. ಆಗ ಉತ್ತರ ಕೊಡಬೇಕಾದವರು ಆ ಹಳೆಯ ಪಾಲಿಸಿಯ ಕಂಪನಿಯವರು. ಮುಗಿದ ಪಾಲಿಸಿಗಳನ್ನೆಲ್ಲ ದೇಶದ ಕ್ರಮದಲ್ಲಿ ಒಂದು ಫೈಲಿಗೆ ಹಾಕಿ, ಫೋಟೊ ತೆಗೆದು ಮನೆಯವರಿಗೂ ಕಳಿಸಿಡಿ.